ವಿಮೆಯಿಲ್ಲದ ಚಾಲಕರಿಗೆ ವಾಹನ ಕೊಡುವುದು (ಬ್ರಿಟನ್ನಿನ ಕಾನೂನು)

ವಿಮೆಯಿಲ್ಲದ ಚಾಲಕರಿಗೆ ವಾಹನ ಕೊಡುವುದು ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡ್‌ಗಳಲ್ಲಿ ಒಂದು ಶಿಕ್ಷಾರ್ಹ ಅಪರಾಧ. 1988ರ ರಸ್ತೆ ಸಂಚಾರ ಕಾಯ್ದೆಯ 143ನೇ ಸೆಕ್ಷನ್ ಇದನ್ನು ವಿಧಿಸುತ್ತದೆ. ಈ ಸೆಕ್ಷನ್ನಿನ ಪ್ರಕಾರ ವಿಮೆಯಿಲ್ಲದೆ ವಾಹನ ಓಡಿಸಿದವರು ಎಷ್ಟು ತಪ್ಪಿತಸ್ಥರೋ, ಹಾಗೆ ಓಡಿಸಲು ಅನುಮತಿ ಕೊಟ್ಟವರೂ ಅಷ್ಟೇ ತಪ್ಪಿತಸ್ಥರು. ಚಾಲಕರಿಗೆ ವಿಮೆ ಇದೆಯೆಂದು ಮಾಲೀಕರು ಪ್ರಾಮಾಣಿಕವಾಗಿ ನಂಬಿದ್ದರೂ ಸಾಮಾನ್ಯವಾಗಿ ಅದು ಸಮರ್ಥನೆಯಾಗುವುದಿಲ್ಲ. ಅಪಘಾತ ಸಂಭವಿಸಿದರೆ ದಂಡದ ಜೊತೆಗೆ, ಗಾಯಗೊಂಡವರಿಗೆ ನೀಡಿದ ಪರಿಹಾರದ ಮೊತ್ತವೂ ಮಾಲೀಕರ ಸಾಲವಾಗಿ ಪರಿಣಮಿಸಬಹುದು.

ಈ ಅಪರಾಧ ಹೆಚ್ಚಾಗಿ ನಡೆಯುವುದು ಪರಿಚಿತರ ನಡುವೆ. ಊರಿನಿಂದ ಬಂದ ನೆಂಟರು, ರಜೆಗೆ ಬಂದ ಮಕ್ಕಳು, ಮನೆಯಲ್ಲಿ ಉಳಿದುಕೊಂಡ ಸ್ನೇಹಿತರು ಮುಂತಾದವರಿಗೆ ಕಾರಿನ ಕೀಲಿ ಕೊಡುವಾಗ ವಿಮೆಯ ವಿಷಯ ಬಹುಮಟ್ಟಿಗೆ ಮನಸ್ಸಿಗೆ ಬರುವುದಿಲ್ಲ. ಭಾರತದಿಂದ ಬ್ರಿಟನ್ನಿಗೆ ಹೋಗಿ ನೆಲೆಸಿದ ಕುಟುಂಬಗಳಿಗೆ ಈ ನಿಯಮ ವಿಶೇಷವಾಗಿ ಅಪರಿಚಿತ. ಏಕೆಂದರೆ ಎರಡೂ ದೇಶಗಳ ಕಾಯ್ದೆಯ ಮಾತುಗಳು ಹೆಚ್ಚುಕಡಿಮೆ ಒಂದೇ ಆಗಿದ್ದರೂ ವಿಮಾ ಪಾಲಿಸಿಗಳ ಸ್ವರೂಪ ಬೇರೆಬೇರೆಯಾಗಿದೆ.

ಹಿನ್ನೆಲೆ

ಬ್ರಿಟನ್ನಿನಲ್ಲಿ ಮೋಟಾರು ವಾಹನಗಳಿಗೆ ಕಡ್ಡಾಯ ವಿಮೆಯನ್ನು ಜಾರಿಗೆ ತಂದದ್ದು 1930ರ ರಸ್ತೆ ಸಂಚಾರ ಕಾಯ್ದೆ. ಅದಕ್ಕೆ ಮೊದಲು, ಅಪಘಾತದಲ್ಲಿ ಗಾಯಗೊಂಡವರು ನ್ಯಾಯಾಲಯದಲ್ಲಿ ಗೆದ್ದರೂ ಚಾಲಕನ ಬಳಿ ಹಣವಿಲ್ಲದಿದ್ದರೆ ಪರಿಹಾರ ಕೈಗೆ ಬರುತ್ತಿರಲಿಲ್ಲ. ಈ ಅನ್ಯಾಯವನ್ನು ತಪ್ಪಿಸುವುದು ಕಾಯ್ದೆಯ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು. ಆದ್ದರಿಂದ ಅದರ 35ನೇ ಸೆಕ್ಷನ್ ವಿಮೆಯಿಲ್ಲದೆ ವಾಹನ ಬಳಸುವುದನ್ನು ಮಾತ್ರವಲ್ಲದೆ, ಇನ್ನೊಬ್ಬರಿಂದ ಹಾಗೆ ಬಳಸಿಸುವುದನ್ನೂ, ಬಳಸಲು ಬಿಡುವುದನ್ನೂ ನಿಷೇಧಿಸಿತು. ವಿಮಾ ಕಂಪನಿಗಳು ತೀರ್ಪಿನ ಮೊತ್ತವನ್ನು ನೇರವಾಗಿ ಗಾಯಾಳುವಿಗೆ ಪಾವತಿಸಬೇಕೆಂಬ ನಿಯಮವನ್ನು 1934ರ ಕಾಯ್ದೆ ಸೇರಿಸಿತು. ಈ ಎರಡೂ ತತ್ವಗಳು ಇಂದು 1988ರ ಕಾಯ್ದೆಯಲ್ಲಿ ಮುಂದುವರಿದಿವೆ. ಉತ್ತರ ಐರ್ಲೆಂಡಿನಲ್ಲಿ ಇದೇ ಬಗೆಯ ನಿಯಮಗಳನ್ನು 1981ರ ಪ್ರತ್ಯೇಕ ಆದೇಶವೊಂದು ಒಳಗೊಂಡಿದೆ.

ವಿಮೆ ಯಾರಿಗೆ ಅನ್ವಯಿಸುತ್ತದೆ

ಕಾಯ್ದೆಯು ಕೇಳುವ ಪ್ರಶ್ನೆ "ಈ ವಾಹನಕ್ಕೆ ವಿಮೆ ಇದೆಯೇ?" ಎಂಬುದಲ್ಲ, "ಈ ವ್ಯಕ್ತಿ ಈ ವಾಹನವನ್ನು ಈ ರೀತಿ ಬಳಸುವುದಕ್ಕೆ ವಿಮೆ ಇದೆಯೇ?" ಎಂಬುದು. ಬ್ರಿಟನ್ನಿನಲ್ಲಿ ಖಾಸಗಿ ಕಾರುಗಳ ಪಾಲಿಸಿಗಳು ಸಾಮಾನ್ಯವಾಗಿ ಪಾಲಿಸಿದಾರರನ್ನೂ ಅವರು ಹೆಸರಿಸಿದ ಚಾಲಕರನ್ನೂ ಮಾತ್ರ ಒಳಗೊಳ್ಳುತ್ತವೆ. ವಿಮಾ ಪ್ರಮಾಣಪತ್ರದಲ್ಲಿ ಚಾಲನೆಗೆ ಅರ್ಹರಾದವರ ವಿವರ ಇರುತ್ತದೆ. ಆ ಪಟ್ಟಿಯಲ್ಲಿ ಇಲ್ಲದವರು ಸ್ಟಿಯರಿಂಗ್ ಹಿಡಿದರೆ, ಆ ಪ್ರಯಾಣದ ಮಟ್ಟಿಗೆ ಕಾರಿಗೆ ವಿಮೆಯೇ ಇಲ್ಲವೆಂದು ಕಾನೂನು ಪರಿಗಣಿಸುತ್ತದೆ. ಕಾರಿನ ಕಂತು ಪೂರ್ತಿಯಾಗಿ ಕಟ್ಟಿದ್ದರೂ ಇದು ಬದಲಾಗುವುದಿಲ್ಲ.

ಬಳಕೆಯ ಉದ್ದೇಶವೂ ಮುಖ್ಯ. ಸ್ವಂತ ಕೆಲಸಕ್ಕೆಂದು ವಿಮೆ ಮಾಡಿಸಿದ ಕಾರಿನಲ್ಲಿ ಬಾಡಿಗೆಗೆ ಪ್ರಯಾಣಿಕರನ್ನು ಕರೆದೊಯ್ದರೆ ಅಥವಾ ಹಣ ಪಡೆದು ಆಹಾರ ವಿತರಣೆ ಮಾಡಿದರೆ ಪಾಲಿಸಿ ಅನ್ವಯಿಸದಿರಬಹುದು.

ಈ ವಿಷಯದಲ್ಲಿ ಮೂರು ತಪ್ಪು ತಿಳಿವಳಿಕೆಗಳು ಸಾಮಾನ್ಯವಾಗಿವೆ:

ಮೊದಲನೆಯದು, ಚಾಲನಾ ಪರವಾನಗಿ ಇದ್ದರೆ ಸಾಕೆಂಬುದು. ಭಾರತದ ಪರವಾನಗಿ ಹೊಂದಿ ಪ್ರವಾಸಕ್ಕೆ ಬಂದವರು ಗ್ರೇಟ್ ಬ್ರಿಟನ್ನಿನಲ್ಲಿ 12 ತಿಂಗಳವರೆಗೆ ಕಾರು ಓಡಿಸಬಹುದು. ಆದರೆ ಪರವಾನಗಿ ಬೇರೆ, ವಿಮೆ ಬೇರೆ. ಪರವಾನಗಿಯು ಚಾಲನೆಯ ಅರ್ಹತೆಯನ್ನು ಕೊಡುತ್ತದೆಯೇ ಹೊರತು ವಿಮಾ ರಕ್ಷಣೆಯನ್ನು ಕೊಡುವುದಿಲ್ಲ. ಅಂತಾರಾಷ್ಟ್ರೀಯ ಚಾಲನಾ ಪರವಾನಗಿಗೂ ಇದೇ ಮಾತು ಅನ್ವಯಿಸುತ್ತದೆ.

ಎರಡನೆಯದು, ಒಂದು ಕಾರಿಗೆ ವಿಮೆ ಇರುವವರು ಯಾರ ಕಾರನ್ನಾದರೂ ಓಡಿಸಬಹುದೆಂಬುದು. ಕೆಲವು ಪಾಲಿಸಿಗಳಲ್ಲಿ ಇತರರ ಕಾರು ಓಡಿಸಲು ಅವಕಾಶ ಕೊಡುವ ಷರತ್ತು ಇರುತ್ತದೆ. ಆದರೆ ಅದು ಸಾಮಾನ್ಯವಾಗಿ ಪಾಲಿಸಿದಾರರಿಗೆ ಮಾತ್ರ ಸೀಮಿತ. ಹೆಸರಿಸಿದ ಇತರ ಚಾಲಕರಿಗೆ ಅನ್ವಯಿಸುವುದಿಲ್ಲ. ಅದರ ರಕ್ಷಣೆ ಕೂಡ ಮೂರನೇ ವ್ಯಕ್ತಿಗೆ ಆದ ಹಾನಿಗೆ ಮಾತ್ರ. ಎರವಲು ಪಡೆದ ಕಾರಿಗೆ ಆದ ಹಾನಿ ಅದರಲ್ಲಿ ಸೇರುವುದಿಲ್ಲ.

ಮೂರನೆಯದು, ವಿಮಾ ದತ್ತಾಂಶದಲ್ಲಿ ಕಾರಿನ ಸಂಖ್ಯೆ ಕಂಡುಬಂದರೆ ಯಾರು ಓಡಿಸಿದರೂ ತೊಂದರೆಯಿಲ್ಲವೆಂಬುದು. ಸಾರ್ವಜನಿಕರು ನೋಂದಣಿ ಸಂಖ್ಯೆ ನೀಡಿ ನೋಡಿದಾಗ ತಿಳಿಯುವುದು ವಾಹನದ ಮೇಲೆ ಪಾಲಿಸಿಯೊಂದು ಇದೆ ಎಂಬುದಷ್ಟೇ. ಅದು ಯಾರನ್ನು ಒಳಗೊಂಡಿದೆ ಎಂಬುದಕ್ಕೆ ಪ್ರಮಾಣಪತ್ರವನ್ನೇ ನೋಡಬೇಕು.

ಅನುಮತಿಯ ಅರ್ಥ

ಅನುಮತಿ ಎಂದರೆ ಬರಹದ ಒಪ್ಪಿಗೆಯೇ ಆಗಬೇಕಿಲ್ಲ. "ತೊಗೊಂಡು ಹೋಗು" ಎಂಬ ಮಾತು, ಕೀಲಿಯನ್ನು ಕೈಗಿಡುವುದು, ಮನೆಯವರು ಕಾರು ಬಳಸುವುದು ಗೊತ್ತಿದ್ದೂ ತಡೆಯದಿರುವುದು ಇವೆಲ್ಲವೂ ಅನುಮತಿಯಾಗಬಹುದು. 1940ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಮೆಕ್ಲೌಡ್ ವಿರುದ್ಧ ಬುಕಾನನ್ ಪ್ರಕರಣ ಈ ವಿಷಯದಲ್ಲಿ ಮುಖ್ಯವಾದುದು. ಅದು ಅಣ್ಣತಮ್ಮಂದಿರ ನಡುವಿನ ವ್ಯವಹಾರದಿಂದ ಹುಟ್ಟಿದ್ದು. ಜಮೀನಿನ ಕೆಲಸ ನೋಡಿಕೊಳ್ಳುತ್ತಿದ್ದ ಸಹೋದರನ ಬಳಿ ಬಿಟ್ಟಿದ್ದ ವಾಹನಕ್ಕೆ ವ್ಯವಹಾರದ ಬಳಕೆಗೆ ಮಾತ್ರ ವಿಮೆಯಿತ್ತು. ಆತ ಅದನ್ನು ಸ್ವಂತ ಕೆಲಸಕ್ಕೂ ಬಳಸಿದ. ಹಾಗೆ ಬಳಸಬಾರದೆಂದು ಮಾಲೀಕ ತಿಳಿಸಿರಲಿಲ್ಲ. ವಿಮೆಯಿಲ್ಲದ ರೀತಿಯಲ್ಲಿ ಬಳಸಲು ದಾರಿ ತೆರೆದಿರುವಂತೆ ವಾಹನವನ್ನು ಇನ್ನೊಬ್ಬರ ವಶಕ್ಕೆ ಬಿಟ್ಟರೆ ಅದೂ ಅನುಮತಿಯೇ ಎಂದು ನ್ಯಾಯಪೀಠ ಹೇಳಿತು.

ಇದಕ್ಕೆ ವಿರುದ್ಧವಾಗಿ, ಮಾಲೀಕರಿಗೆ ತಿಳಿಯದಂತೆ ನೆಂಟರು ಕೀಲಿ ತೆಗೆದುಕೊಂಡು ಹೋದರೆ ಅಲ್ಲಿ ಅನುಮತಿ ಇರುವುದಿಲ್ಲ. ಆದರೆ ಹಾಗೆ ಹೇಳುವುದೆಂದರೆ ಒಪ್ಪಿಗೆಯಿಲ್ಲದೆ ವಾಹನ ಒಯ್ದ ಅಪರಾಧವನ್ನು ನೆಂಟರ ಮೇಲೆ ಹೊರಿಸಿದಂತೆ. 1968ರ ಕಳವು ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಅದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಶಿಕ್ಷಾರ್ಹ. ಅನುಮತಿ ಕೊಟ್ಟಿದ್ದೂ ಕೊಟ್ಟಿಲ್ಲವೆಂದು ಪೊಲೀಸರಿಗೆ ಸುಳ್ಳು ಹೇಳಿದರೆ ಅದು ವಿಮೆಯ ಅಪರಾಧಕ್ಕಿಂತ ಗಂಭೀರವಾದ ಮತ್ತೊಂದು ಅಪರಾಧಕ್ಕೆ ಎಡೆಮಾಡುತ್ತದೆ. ಅಪರಾಧ ನಡೆದಾಗ ವಾಹನ ಓಡಿಸುತ್ತಿದ್ದವರು ಯಾರೆಂದು ಪೊಲೀಸರು ಕೇಳಿದರೆ ತಿಳಿಸುವ ಕರ್ತವ್ಯವನ್ನು 1988ರ ಕಾಯ್ದೆಯ 172ನೇ ಸೆಕ್ಷನ್ ನೋಂದಾಯಿತ ವಾಹನಪಾಲಕರ ಮೇಲೆ ಹೊರಿಸಿದೆ. ನೆಂಟರನ್ನು ಉಳಿಸಲು ಹೆಸರು ಹೇಳದಿದ್ದರೆ ಪಾಲಕರ ಪರವಾನಗಿಗೆ 6 ಪೆನಾಲ್ಟಿ ಪಾಯಿಂಟ್‌ಗಳು ಸೇರುತ್ತವೆ.

ಪ್ರಾಮಾಣಿಕ ನಂಬಿಕೆ ಮತ್ತು ಷರತ್ತಿನ ಅನುಮತಿ

ಈ ಅಪರಾಧದಲ್ಲಿ ಕೆಟ್ಟ ಉದ್ದೇಶವನ್ನು ಸಾಬೀತುಪಡಿಸಬೇಕಾಗಿಲ್ಲ. ವಾಹನವನ್ನು ಬಳಸಲು ಬಿಟ್ಟದ್ದು ಮತ್ತು ಆ ಬಳಕೆಗೆ ವಿಮೆ ಇರಲಿಲ್ಲ ಎಂಬ ಎರಡು ಅಂಶಗಳು ಸಾಕು. "ನನಗೆ ವಿಮೆ ಇದೆ" ಎಂಬ ನೆಂಟರ ಮಾತನ್ನು ಮಾಲೀಕರು ನಂಬಿದ್ದರೂ ಅಪರಾಧ ಪೂರ್ಣವಾಗುತ್ತದೆ. ಕೆಲಸಗಾರರಿಗೆ ಮಾತ್ರ ಕಾಯ್ದೆಯಲ್ಲಿ ಸೀಮಿತ ರಕ್ಷಣೆಯಿದೆ: ವಾಹನ ತಮ್ಮದಲ್ಲದಿದ್ದು, ಉದ್ಯೋಗದ ಭಾಗವಾಗಿ ಅದನ್ನು ಓಡಿಸುತ್ತಿದ್ದು, ವಿಮೆಯಿಲ್ಲವೆಂಬುದು ತಿಳಿಯದಿದ್ದರೆ ಮತ್ತು ಹಾಗೆಂದು ನಂಬಲು ಕಾರಣವೂ ಇರದಿದ್ದರೆ ಅವರು ತಪ್ಪಿತಸ್ಥರಲ್ಲ. ಕಾರು ಕೊಟ್ಟ ಮಾಲೀಕರಿಗೆ ಈ ರಕ್ಷಣೆ ದೊರೆಯುವುದಿಲ್ಲ.

ಷರತ್ತಿನ ಮೇಲೆ ಕೊಟ್ಟ ಅನುಮತಿಯನ್ನು ನ್ಯಾಯಾಲಯಗಳು ಬೇರೆಯಾಗಿ ನೋಡಿವೆ. 1974ರ ನ್ಯೂಬರಿ ವಿರುದ್ಧ ಡೇವಿಸ್ ಪ್ರಕರಣದಲ್ಲಿ, ವಿಮೆ ಮಾಡಿಸಿಕೊಂಡರೆ ಮಾತ್ರ ಕಾರು ಬಳಸಬಹುದೆಂದು ಮಾಲೀಕ ಮೊದಲೇ ಹೇಳಿದ್ದ. ಎರವಲು ಪಡೆದಾತ ವಿಮೆ ಮಾಡಿಸದೆ ಓಡಿಸಿದ. ಷರತ್ತು ಈಡೇರದ ಕಾರಣ ಅನುಮತಿಯೇ ಇರಲಿಲ್ಲವೆಂದು ತೀರ್ಮಾನವಾಯಿತು. ಮರುವರ್ಷದ ಬಾ ವಿರುದ್ಧ ಕ್ರೇಗೊ ಪ್ರಕರಣದಲ್ಲಿ ಮಾಲೀಕ ಷರತ್ತು ಹಾಕಿರಲಿಲ್ಲ. ಚಾಲಕನಿಗೆ ಪರವಾನಗಿ ಇದೆಯೆಂದು ನಂಬಿದ್ದನಷ್ಟೇ. ಆ ನಂಬಿಕೆ ಅವನನ್ನು ಉಳಿಸಲಿಲ್ಲ. ಷರತ್ತಿನ ರಕ್ಷಣೆಯೂ ಇಕ್ಕಟ್ಟಾದುದೆಂದು 1990ರ ದಶಕದ ಆರಂಭದ ಡಿಪಿಪಿ ವಿರುದ್ಧ ಫಿಶರ್ ಪ್ರಕರಣ ತೋರಿಸಿತು. ಅಲ್ಲಿ ಮಾಲೀಕ ಒಬ್ಬನಿಗೆ ಷರತ್ತು ಹೇಳಿ ಕಾರು ಕೊಟ್ಟಿದ್ದ, ಆದರೆ ಓಡಿಸಿದ್ದು ಇನ್ನೊಬ್ಬ. ಷರತ್ತು ನಿಜವಾದ ಚಾಲಕನಿಗೆ ನೇರವಾಗಿ ತಲುಪಿರಲಿಲ್ಲವಾದ್ದರಿಂದ ಮಾಲೀಕ ತಪ್ಪಿತಸ್ಥನಾದ.

ಈ ತೀರ್ಪುಗಳಿಂದ ಒಂದು ವ್ಯತ್ಯಾಸ ಸ್ಪಷ್ಟವಾಗುತ್ತದೆ. "ನಿನಗೆ ವಿಮೆ ಇರಬೇಕಲ್ಲವೇ?" ಎಂದು ಊಹಿಸಿ ಕೀಲಿ ಕೊಡುವುದು ಅನುಮತಿ. "ವಿಮೆ ಮಾಡಿಸಿಕೊಂಡ ಮೇಲೆಯೇ ಮುಟ್ಟು, ಇಲ್ಲವಾದರೆ ಬೇಡ" ಎಂದು ಚಾಲಕರಿಗೇ ಹೇಳುವುದು ಷರತ್ತು.

ಶಿಕ್ಷೆ

ವಿಮೆಯಿಲ್ಲದೆ ವಾಹನ ಬಳಸಿದ ಅಪರಾಧವನ್ನು ಸ್ಥಿರ ದಂಡದ ಮೂಲಕ ಇತ್ಯರ್ಥಪಡಿಸಿದರೆ 300 ಪೌಂಡ್ ದಂಡ ಮತ್ತು 6 ಪೆನಾಲ್ಟಿ ಪಾಯಿಂಟ್‌ಗಳು ಬೀಳುತ್ತವೆ. ಪ್ರಕರಣ ನ್ಯಾಯಾಲಯಕ್ಕೆ ಹೋದರೆ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ದಂಡಕ್ಕೆ ಮೇಲ್ಮಿತಿಯಿಲ್ಲ. ಬಳಸಿದವರಿಗಾಗಲಿ ಅನುಮತಿ ಕೊಟ್ಟವರಿಗಾಗಲಿ 6ರಿಂದ 8 ಪಾಯಿಂಟ್‌ಗಳನ್ನು ವಿಧಿಸಬಹುದು. ಚಾಲನೆಯಿಂದ ಅನರ್ಹಗೊಳಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಅನುಮತಿ ಕೊಟ್ಟವರ ಪರವಾನಗಿಯ ದಾಖಲೆಯಲ್ಲಿ ಐಎನ್14 ಎಂಬ ಸಂಕೇತ ಸೇರಿ 4 ವರ್ಷ ಉಳಿಯುತ್ತದೆ. ವಿಮಾ ಕಂಪನಿಗಳು ಇಂತಹ ದಾಖಲೆಯನ್ನು ಗಂಭೀರವಾಗಿ ಪರಿಗಣಿಸುವುದರಿಂದ ಮುಂದಿನ ವರ್ಷಗಳ ಕಂತು ಏರುವುದು ಸಾಮಾನ್ಯ.

ಬ್ರಿಟನ್ನಿನ ಪರವಾನಗಿಯನ್ನು ಹೊಸದಾಗಿ ಪಡೆದವರಿಗೆ ಪರಿಣಾಮ ಇನ್ನೂ ಕಠಿಣ. 1995ರ ನವಚಾಲಕರ ಕಾಯ್ದೆಯ ಪ್ರಕಾರ, ಮೊದಲ ಚಾಲನಾ ಪರೀಕ್ಷೆಯಲ್ಲಿ ತೇರ್ಗಡೆಯಾದ 2 ವರ್ಷಗಳೊಳಗಿನ ಅಪರಾಧಗಳಿಗೆ 6 ಪಾಯಿಂಟ್‌ಗಳಾದರೆ ಪರವಾನಗಿ ರದ್ದಾಗುತ್ತದೆ. ಅಂದರೆ ಇತ್ತೀಚೆಗೆ ವಲಸೆ ಹೋಗಿ ಅಲ್ಲಿನ ಪರೀಕ್ಷೆ ಬರೆದು ಪರವಾನಗಿ ಪಡೆದವರು, ತಾವು ಚಕ್ರ ಮುಟ್ಟದೆ, ಕೇವಲ ಕಾರು ಕೊಟ್ಟ ಕಾರಣಕ್ಕೆ ಅದನ್ನು ಕಳೆದುಕೊಳ್ಳಬಹುದು. ಮತ್ತೆ ಪಡೆಯಲು ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆಗಳೆರಡನ್ನೂ ಮೊದಲಿನಿಂದ ಬರೆಯಬೇಕಾಗುತ್ತದೆ.

ವಿಮೆಯಿಲ್ಲದೆ ಓಡುತ್ತಿರುವ ವಾಹನವನ್ನು ಸ್ಥಳದಲ್ಲಿಯೇ ವಶಪಡಿಸಿಕೊಳ್ಳುವ ಅಧಿಕಾರವನ್ನು ಕಾಯ್ದೆಯ 165ಎ ಸೆಕ್ಷನ್ ಪೊಲೀಸರಿಗೆ ಕೊಡುತ್ತದೆ. ವಾಹನವನ್ನು ಬಿಡಿಸಿಕೊಳ್ಳಲು ವಿಮೆಯ ಪುರಾವೆ ತೋರಿಸಿ, ಸಾಗಣೆ ಮತ್ತು ನಿಲುಗಡೆಯ ವೆಚ್ಚ ಕಟ್ಟಬೇಕು. ಅವಧಿಯೊಳಗೆ ಬಿಡಿಸಿಕೊಳ್ಳದಿದ್ದರೆ ವಾಹನವನ್ನು ಮಾರಬಹುದು ಅಥವಾ ನಾಶಪಡಿಸಬಹುದು.

ಶಿಕ್ಷೆಯನ್ನು ಕಡಿಮೆ ಮಾಡುವ ಒಂದು ದಾರಿಯೂ ಇದೆ. "ವಿಶೇಷ ಕಾರಣ"ಗಳಿದ್ದರೆ ನ್ಯಾಯಾಲಯವು ಪಾಯಿಂಟ್‌ಗಳನ್ನು ವಿಧಿಸದೆ ಇರಬಹುದೆಂದು 1988ರ ರಸ್ತೆ ಸಂಚಾರ ಅಪರಾಧಿಗಳ ಕಾಯ್ದೆ ಹೇಳುತ್ತದೆ. ಮಾಲೀಕರನ್ನು ನಿಜವಾಗಿ ದಾರಿತಪ್ಪಿಸಲಾಗಿತ್ತೆಂದು ತೋರಿಸಿದರೆ ಇದು ಅನ್ವಯಿಸಬಹುದು. ಆದರೆ ಪಾಲಿಸಿಯನ್ನು ಓದದೆ, ಆಧಾರವಿಲ್ಲದೆ ಹೊಂದಿದ್ದ ನಂಬಿಕೆ ಸಾಮಾನ್ಯವಾಗಿ ವಿಶೇಷ ಕಾರಣವಾಗುವುದಿಲ್ಲ. ಈ ಕಾರಣಗಳು ಶಿಕ್ಷೆಯನ್ನು ತಗ್ಗಿಸುತ್ತವೆಯೇ ಹೊರತು ಅಪರಾಧವನ್ನು ಅಳಿಸುವುದಿಲ್ಲ.

ಪರಿಹಾರದ ಹೊಣೆ

ದಂಡಕ್ಕಿಂತ ದೊಡ್ಡ ಅಪಾಯ ಇರುವುದು ಪರಿಹಾರದ ಹೊಣೆಯಲ್ಲಿ. ಬ್ರಿಟನ್ನಿನಲ್ಲಿ ಸಾವು ಅಥವಾ ದೈಹಿಕ ಗಾಯಕ್ಕೆ ಸಂಬಂಧಿಸಿದ ಕಡ್ಡಾಯ ವಿಮೆಗೆ ಮೊತ್ತದ ಮಿತಿಯಿಲ್ಲ. ಜೀವನಪೂರ್ತಿ ಆರೈಕೆ ಬೇಕಾಗುವ ಗಾಯಗಳಿಗೆ ಪರಿಹಾರ ಹತ್ತಾರು ಲಕ್ಷ ಪೌಂಡ್‌ಗಳನ್ನು ಮುಟ್ಟಬಹುದು.

ಮಾಲೀಕರ ನೇರ ಹೊಣೆಯನ್ನು ಸ್ಥಾಪಿಸಿದ್ದು 1935ರ ಮಾಂಕ್ ವಿರುದ್ಧ ವಾರ್ಬಿ ಪ್ರಕರಣ. ಕಾರಿನ ಮಾಲೀಕ ಅದನ್ನು ಸ್ನೇಹಿತನಿಗೆ ಎರವಲು ಕೊಟ್ಟಿದ್ದ. ಸ್ನೇಹಿತ ಅದನ್ನು ಮತ್ತೊಬ್ಬನಿಂದ ಓಡಿಸಿದ. ಮಾಲೀಕನ ಪಾಲಿಸಿ ಇವರಿಬ್ಬರನ್ನೂ ಒಳಗೊಂಡಿರಲಿಲ್ಲ, ಪರಿಹಾರ ಕೊಡುವ ಶಕ್ತಿ ಅವರಿಗೆ ಇರಲಿಲ್ಲ. ಅಪಘಾತದಲ್ಲಿ ಮಾಲೀಕನ ಅಜಾಗರೂಕತೆ ಏನೂ ಇರಲಿಲ್ಲ. ಆದರೂ ವಿಮೆಯಿಲ್ಲದವರಿಗೆ ಕಾರು ಕೊಟ್ಟು ಶಾಸನಬದ್ಧ ಕರ್ತವ್ಯವನ್ನು ಮೀರಿದ್ದಕ್ಕಾಗಿ ಗಾಯಾಳು ಅವನಿಂದಲೇ ಪರಿಹಾರ ಪಡೆಯಬಹುದೆಂದು ಮೇಲ್ಮನವಿ ನ್ಯಾಯಾಲಯ ತೀರ್ಪು ನೀಡಿತು.

ಇಂದು ಗಾಯಾಳುವಿಗೆ ಹಣ ಸಾಮಾನ್ಯವಾಗಿ ವಿಮಾ ಕಂಪನಿಯಿಂದಲೇ ಬರುತ್ತದೆ. ಕಾಯ್ದೆಯ 151ನೇ ಸೆಕ್ಷನ್ ಪ್ರಕಾರ, ವಾಹನ ಓಡಿಸಿದವರು ಪಾಲಿಸಿಯಲ್ಲಿ ಇಲ್ಲದಿದ್ದರೂ ಕಂಪನಿಯು ತೀರ್ಪಿನ ಮೊತ್ತವನ್ನು ಗಾಯಾಳುವಿಗೆ ಕೊಡಬೇಕು. ಆದರೆ ಅದೇ ಸೆಕ್ಷನ್, ಆ ಮೊತ್ತವನ್ನು ಚಾಲಕರಿಂದ ಅಥವಾ ಆ ಬಳಕೆಗೆ ಅನುಮತಿ ಕೊಟ್ಟ ಪಾಲಿಸಿದಾರರಿಂದ ಮರುವಸೂಲಿ ಮಾಡುವ ಹಕ್ಕನ್ನು ಕಂಪನಿಗೆ ಕೊಡುತ್ತದೆ. ಚಾಲಕರು ಸ್ವದೇಶಕ್ಕೆ ಮರಳಿದ್ದರೆ ಬ್ರಿಟನ್ನಿನಲ್ಲಿ ಮನೆ, ಸಂಬಳ ಹೊಂದಿರುವ ಪಾಲಿಸಿದಾರರೇ ಕಂಪನಿಯ ಕೈಗೆ ಸುಲಭವಾಗಿ ಸಿಗುವವರು. 2004ರ ಲಾಯ್ಡ್-ವೋಲ್ಪರ್ ವಿರುದ್ಧ ಮೂರ್ ಪ್ರಕರಣದಲ್ಲಿ, ಮಗನಿಗೆ ವಿಮೆಯ ರಕ್ಷಣೆ ಇದೆಯೆಂದು ತಪ್ಪಾಗಿ ನಂಬಿ ಕಾರು ಓಡಿಸಲು ಬಿಟ್ಟ ತಂದೆಯಿಂದ ಪರಿಹಾರದ ಮೊತ್ತವನ್ನು ವಸೂಲು ಮಾಡಲು ಕಂಪನಿಗೆ ಹಕ್ಕಿದೆಯೆಂದು ಮೇಲ್ಮನವಿ ನ್ಯಾಯಾಲಯ ಹೇಳಿತು.

ವಾಹನದ ಮಾಲೀಕರೇ ಪ್ರಯಾಣಿಕರಾಗಿ ಗಾಯಗೊಂಡಾಗ ಈ ನಿಯಮ ವಿಚಿತ್ರ ಫಲ ಕೊಡುತ್ತಿತ್ತು: ಒಂದು ಕೈಯಲ್ಲಿ ಪಡೆದ ಪರಿಹಾರವನ್ನು ಇನ್ನೊಂದು ಕೈಯಲ್ಲಿ ಹಿಂದಿರುಗಿಸಬೇಕಾಗುತ್ತಿತ್ತು. ಚರ್ಚಿಲ್ ವಿರುದ್ಧ ವಿಲ್ಕಿನ್ಸನ್ ಪ್ರಕರಣದಲ್ಲಿ ಯೂರೋಪಿಯನ್ ಒಕ್ಕೂಟದ ನ್ಯಾಯಾಲಯವು 2011ರಲ್ಲಿ ಇಂತಹ ಪರಿಹಾರವನ್ನು ತಾನಾಗಿಯೇ ಇಲ್ಲವಾಗಿಸುವಂತಿಲ್ಲ, ಪ್ರತಿ ಪ್ರಕರಣದ ಸಂದರ್ಭವನ್ನು ತೂಗಿ ನೋಡಬೇಕೆಂದು ತಿಳಿಸಿತು.

ವಾಹನದ ಮೇಲೆ ಯಾವ ಪಾಲಿಸಿಯೂ ಇಲ್ಲದಿದ್ದರೆ ಗಾಯಾಳುವು 1946ರಲ್ಲಿ ಸ್ಥಾಪನೆಯಾದ ಮೋಟಾರು ವಿಮಾ ಸಂಸ್ಥೆಗಳ ಬ್ಯೂರೋಗೆ ಮೊರೆಹೋಗಬಹುದು. ವಾಹನಕ್ಕೆ ವಿಮೆಯಿಲ್ಲವೆಂದು ತಿಳಿದೇ ಹತ್ತಿದ ಪ್ರಯಾಣಿಕರಿಗೆ ಅದರಿಂದ ಪರಿಹಾರ ದೊರೆಯದಿರಬಹುದು.

ಭಾರತದ ಕಾನೂನಿನೊಂದಿಗೆ ಹೋಲಿಕೆ

ಭಾರತದ 1988ರ ಮೋಟಾರು ವಾಹನಗಳ ಕಾಯ್ದೆಯ 146ನೇ ಸೆಕ್ಷನ್ ಕೂಡ ವಿಮೆಯಿಲ್ಲದೆ ವಾಹನ ಬಳಸುವುದನ್ನೂ ಬಳಸಲು ಬಿಡುವುದನ್ನೂ ನಿಷೇಧಿಸುತ್ತದೆ. 2019ರ ತಿದ್ದುಪಡಿಯ ನಂತರ 196ನೇ ಸೆಕ್ಷನ್ ಪ್ರಕಾರ ಮೊದಲ ಅಪರಾಧಕ್ಕೆ 3 ತಿಂಗಳವರೆಗಿನ ಸೆರೆವಾಸ ಅಥವಾ 2,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೆ ಭಾರತದ ಸಾಮಾನ್ಯ ಖಾಸಗಿ ಕಾರು ಪಾಲಿಸಿಗಳು ಚಾಲಕರನ್ನು ಹೆಸರಿಸುವುದಿಲ್ಲ. ಚಾಲ್ತಿಯಲ್ಲಿರುವ ಪರವಾನಗಿ ಹೊಂದಿ ಮಾಲೀಕರ ಒಪ್ಪಿಗೆಯಿಂದ ಓಡಿಸುವ ಯಾರನ್ನಾದರೂ ಅವು ಒಳಗೊಳ್ಳುತ್ತವೆ. ಹೀಗಾಗಿ ಮೈಸೂರಿನಲ್ಲಿ ಭಾವಮೈದುನನಿಗೆ ಕಾರು ಕೊಟ್ಟಾಗ ಏಳದ ಪ್ರಶ್ನೆ ಲಂಡನ್ನಿನಲ್ಲಿ ಅದೇ ಭಾವಮೈದುನನಿಗೆ ಕಾರು ಕೊಟ್ಟಾಗ ಏಳುತ್ತದೆ.

ಭಾರತದಲ್ಲಿ ತೊಡಕು ಬರುವುದು ಮುಖ್ಯವಾಗಿ ಪರವಾನಗಿಯ ವಿಷಯದಲ್ಲಿ. ಪರವಾನಗಿ ಇಲ್ಲದವರಿಗೆ ವಾಹನ ಕೊಡುವುದನ್ನು 5ನೇ ಸೆಕ್ಷನ್ ನಿಷೇಧಿಸುತ್ತದೆ. 180ನೇ ಸೆಕ್ಷನ್ ಅದಕ್ಕೆ 3 ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಪರಿಹಾರದ ಹೊಣೆಯನ್ನು ಸರ್ವೋಚ್ಚ ನ್ಯಾಯಾಲಯ 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ವಿವರಿಸಿತು. ಪರವಾನಗಿಯ ಷರತ್ತು ಮುರಿದಿದೆಯೆಂದ ಮಾತ್ರಕ್ಕೆ ವಿಮಾ ಕಂಪನಿ ಪಾರಾಗುವುದಿಲ್ಲ. ಮಾಲೀಕರು ಸೂಕ್ತ ಎಚ್ಚರಿಕೆ ವಹಿಸಲಿಲ್ಲವೆಂದು ಕಂಪನಿಯೇ ಸಾಬೀತುಪಡಿಸಬೇಕು. ಎರಡು ದೇಶಗಳ ನಿಲುವಿನ ಮುಖ್ಯ ಅಂತರ ಇಲ್ಲಿದೆ. ಭಾರತದಲ್ಲಿ ಮಾಲೀಕರು ವಹಿಸಿದ ಎಚ್ಚರಿಕೆಗೆ ಬೆಲೆಯಿದೆ. ಬ್ರಿಟನ್ನಿನಲ್ಲಿ ಅನುಮತಿ ಕೊಟ್ಟದ್ದೇ ನಿರ್ಣಾಯಕ.

ಎರವಲು ಪಡೆದವರೇ ಗಾಯಗೊಂಡಾಗ ಭಾರತದ ಕಾನೂನು ಅಷ್ಟು ಉದಾರವಾಗಿಲ್ಲ. ಕರ್ನಾಟಕದಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ನಿಂಗಮ್ಮ ಪ್ರಕರಣದಲ್ಲಿ (2009) ಎರವಲು ಬೈಕ್ ಓಡಿಸುತ್ತಿದ್ದ ವ್ಯಕ್ತಿ ಎತ್ತಿನ ಗಾಡಿಗೆ ಡಿಕ್ಕಿಯಾಗಿ ಮೃತಪಟ್ಟಿದ್ದರು. ಎರವಲು ಪಡೆದವರು ಮಾಲೀಕರ ಸ್ಥಾನದಲ್ಲೇ ನಿಲ್ಲುತ್ತಾರೆ, ಆದ್ದರಿಂದ 163ಎ ಸೆಕ್ಷನ್ ಅಡಿ ಅವರ ವಾರಸುದಾರರು ಆ ವಾಹನದ ವಿಮೆಯಿಂದ ಪರಿಹಾರ ಕೇಳುವಂತಿಲ್ಲವೆಂದು ನ್ಯಾಯಾಲಯ ಹೇಳಿತು.

ಕಾನೂನುಬದ್ಧವಾಗಿ ವಾಹನ ಕೊಡುವ ವಿಧಾನ

ಬ್ರಿಟನ್ನಿನಲ್ಲಿ ನೆಂಟರಿಗೆ ಕಾರು ಕೊಡಲು ಎರಡು ಸಾಮಾನ್ಯ ದಾರಿಗಳಿವೆ. ಒಂದು, ಮಾಲೀಕರ ಪಾಲಿಸಿಗೆ ಅವರ ಹೆಸರನ್ನು ಸೇರಿಸುವುದು. ಇನ್ನೊಂದು, ಚಾಲಕರ ಹೆಸರಿನಲ್ಲಿಯೇ ಅಲ್ಪಾವಧಿ ಪಾಲಿಸಿ ಪಡೆಯುವುದು. ಇವು ಕೆಲವು ಗಂಟೆಗಳಿಂದ ಕೆಲವು ವಾರಗಳವರೆಗಿನ ಅವಧಿಗೆ ದೊರೆಯುತ್ತವೆ. ವಿದೇಶಿ ಪರವಾನಗಿ ಹೊಂದಿದವರನ್ನು ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ. ಚಾಲಕರ ವಯಸ್ಸು, ಪರವಾನಗಿ ಪಡೆದ ದೇಶ, ಹಿಂದಿನ ಅಪಘಾತಗಳು ಮುಂತಾದ ವಿವರಗಳನ್ನು ಸರಿಯಾಗಿ ತಿಳಿಸುವುದು ಅಗತ್ಯ. ಹೆಸರು ಸೇರಿದೆಯೆಂಬ ಬಾಯಿಮಾತಿನ ಭರವಸೆಗಿಂತ, ಹೆಸರು ಮತ್ತು ಅವಧಿ ನಮೂದಾಗಿರುವ ವಿಮಾ ಪ್ರಮಾಣಪತ್ರ ಕೈಸೇರಿದ ನಂತರವೇ ಕೀಲಿ ಕೊಡುವುದು ಮಾಲೀಕರಿಗೆ ಸುರಕ್ಷಿತ.